ತಂಗೂಸಿ ಮಾರದ ಅಂಗಡಿ

ಮೇಣ, ಹಳೆಯ ಹತ್ತಿಬಟ್ಟೆ, ಒಂದಿಷ್ಟು ಸೀಮೆಎಣ್ಣೆ. ಮೂರೂ ಬೆರೆತ ವಾಸನೆ ಶಿರಸಿಯ ಅಂಗಡಿಯೊಂದರ ಹೊಸ್ತಿಲಲ್ಲಿ ಮೂಗಿಗೆ ಬಂದಾಗ ನಾನು ಒಂದು ಕಾಲನ್ನು ಒಳಗಿಟ್ಟು ಇನ್ನೊಂದನ್ನು ಮೆಟ್ಟಿಲ ಮೇಲೆಯೇ ಬಿಟ್ಟು ನಿಂತುಬಿಟ್ಟೆ. ಈಗಿನ ತಾಡಪತ್ರಿಗಳಿಗೆ ಈ ವಾಸನೆ ಇಲ್ಲ. ಅವು ನೀಲಿ ಪ್ಲಾಸ್ಟಿಕ್ಕಿನವು, ಬಿಸಿಲಿಗೆ ಬಿದ್ದರೆ ಹೊಸ ಚಪ್ಪಲಿಯ ಹಾಗೆ ನಾರುತ್ತವೆ. ಇದು ಹಿಂದೆ ಲಾರಿಗಳ ಮೇಲೆ ಹೊದಿಸುತ್ತಿದ್ದ, ಮೇಣ ಕುಡಿದ ದಪ್ಪ ಕ್ಯಾನ್ವಾಸಿನ ವಾಸನೆ. ಮೂವತ್ತೈದು ವರ್ಷಗಳಿಂದ ನಾನು ಇದನ್ನು ಮೂಸಿರಲಿಲ್ಲ. ಮೂಸಿದೊಡನೆ ಯಲ್ಲಾಪುರದ ಒಂದು ಹಿತ್ತಿಲು, ಅಲ್ಲಿದ್ದ ನೀರು, ನೀರಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದ ಒಬ್ಬ ಮನುಷ್ಯ... ಎಲ್ಲ ಒಟ್ಟಿಗೇ ಎದುರು ಬಂದವು.

ನಾನು ಆ ಅಂಗಡಿಗೆ ಹೋದದ್ದು ನೆನಪು ಹುಡುಕಿಕೊಂಡಲ್ಲ, ತಂಗೂಸಿಗಾಗಿ. ತಂಗೂಸಿ ಎಂದರೆ ಗಾಳಕ್ಕೆ ಕಟ್ಟುವ, ನೀರಿನ ಮೇಲೆ ಹಿಡಿದರೆ ಕಣ್ಣಿಗೇ ಕಾಣದ ನೈಲಾನ್ ಎಳೆ. ನಿವೃತ್ತಿಯ ನಂತರ ಮನ್ಮನೆಯ ಹತ್ತಿರ ಕಟ್ಟಿಸಿದ ಸಣ್ಣ ಮನೆಯ ಹಿಂದೆ ಈ ವರ್ಷ ಒಂದು ಹೊಂಡ ತೆಗೆಸಿದ್ದೆ. ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ನೀರು ತುಂಬಿಸಿ, ತಾವರೆಯ ಗೆಡ್ಡೆ ನೆಟ್ಟು, ಸೊಳ್ಳೆಯ ಮರಿ ತಿನ್ನಲೆಂದು ಸಣ್ಣ ಮೀನುಗಳನ್ನು ಬಿಟ್ಟಿದ್ದೆ. ನೀರು ತಿಳಿಯಾಗಿ ಆಕಾಶ ಕಾಣಿಸತೊಡಗಿದ ವಾರದಲ್ಲಿಯೇ ಶಿಳ್ಳೆ ಬಾತುಗಳು ಬಂದವು. ಕಂದು ಬಣ್ಣದ ಸಣ್ಣ ಬಾತುಗಳು ಅವು. ಸಂಜೆ ಹೊತ್ತು ಮುಳುಗುವಾಗ ಹಾರುತ್ತಲೇ ಶಿಳ್ಳೆ ಹಾಕುತ್ತ ಬರುತ್ತವೆ. ತಾವರೆಯ ಚಿಗುರನ್ನು ಚಿವುಟಿ ತಿಂದವು, ನೀರನ್ನು ಹಸಿರು ಗಂಜಿ ಮಾಡಿದವು, ದಡ ಹತ್ತುವಾಗ ಉಗುರಿನಿಂದ ಹಾಳೆಯನ್ನು ಗೀರಿದವು. ಹಾಳೆಗೆ ಒಂದು ತೂತು ಬಿದ್ದರೆ ಸಾಕು, ಬೇಸಿಗೆಯ ನೀರೆಲ್ಲ ಮಣ್ಣುಪಾಲು. ಚಪ್ಪಾಳೆ ತಟ್ಟಿದೆ, ತಟ್ಟೆ ಬಡಿದೆ, ಹಳೆಯ ಸಿ.ಡಿ.ಗಳನ್ನು ದಾರಕ್ಕೆ ಕಟ್ಟಿ ನೇತುಹಾಕಿದೆ. ಬಾತುಗಳು ಸಿ.ಡಿ.ಯ ಹೊಳಪಿನಲ್ಲಿ ಕೂತು ಗರಿ ತಿದ್ದಿಕೊಂಡವು.

"ಬಂದ್ರೆ ಬರ್ಲಿ ಬಿಡಿ, ನಿಮ್ಮ ತಲೆ ಮೇಲೇನು ಕೂತ್ಕತ್ತಿಲ್ಲೆ," ಎಂದಳು ನನ್ನ ಹೆಂಡತಿ.

"ಇಪ್ಪತ್ತು ಬಾತು ಮಾರಾಯ್ತಿ, ಒಂದಲ್ಲ ಎರಡಲ್ಲ."

"ಎಣಿಸಿದ್ರಾ?"

ನಾನು ತಂಗೂಸಿ ಹುಡುಕಲು ಒಳಗೆ ಹೋದೆ.

ಮೂರು ದಿನದ ಹಿಂದೆ, ಮನೆಯಲ್ಲಿದ್ದ ಒಂದು ಸುರುಳಿ ತಂಗೂಸಿಯನ್ನು ನೀರಿನ ಮೇಲೆ ಅಡ್ಡಡ್ಡ ಉದ್ದುದ್ದ ಎಳೆದು ಕಟ್ಟಿದೆ. ಎರಡು ಸಂಜೆ ಬಾತುಗಳು ಸುತ್ತು ಹೊಡೆದು ಗಲಿಬಿಲಿಗೊಂಡು ಹೋದವು. ಒಂದು ಮೂಲೆಗೆ ಮಾತ್ರ ಎಳೆ ಸಾಲಲಿಲ್ಲ. ಆ ಮೂಲೆಯ ಚಿಂತೆ ನನ್ನನ್ನು ಶಿರಸಿಯವರೆಗೆ ಓಡಿಸಿತ್ತು. ಕಾಣದ ಎಳೆಯ ಈ ಉಪಾಯ ನನ್ನದೇ, ಹಳೆಯದು. ಯಲ್ಲಾಪುರದಲ್ಲಿ ಒಮ್ಮೆ ಮಾಡಿ ನೋಡಿದ್ದು. ಒಂದು ಹಕ್ಕಿಗೆ ಚೂರು ತೊಂದರೆಯಾದರೂ ಕೊನೆಗೆ ಎಲ್ಲ ಸರಿಹೋಗಿತ್ತು ಎಂದು ನನಗೆ ನೆನಪಿತ್ತು.

ನಾನು ಆಗ ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಯಲ್ಲಾಪುರದ ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕನಾಗಿದ್ದೆ. ಲಾರಿಗಳು ನಿಲ್ಲುವ ಜಾಗದ ಹಿಂದಿನ ಓಣಿಯಲ್ಲಿ, ತಾಡಪತ್ರಿ ಹೊಲಿಯುವವರ ಮನೆಯ ಮಾಳಿಗೆಯ ಕೋಣೆ ಬಾಡಿಗೆಗೆ ಸಿಕ್ಕಿತ್ತು. ಓಣಿಯವರೆಲ್ಲ ಆ ಮನೆಯ ಯಜಮಾನರನ್ನು ಚಾಚಾ ಎಂದು ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ. ಅರಬೈಲ್ ಘಟ್ಟ ಇಳಿಯುವ ಮೊದಲು ಲಾರಿಯವರು ಹರಿದ ತಾಡಪತ್ರಿಯನ್ನು ಅವರ ಅಂಗಳದಲ್ಲಿ ಎಸೆದು ಹೋಗುತ್ತಿದ್ದರು, ಘಟ್ಟ ಹತ್ತಿ ಬರುವಾಗ ಒಯ್ಯುತ್ತಿದ್ದರು. ಚಾಚಾ ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡು, ಬಾಗಿದ ಸೂಜಿಯನ್ನು ಅದರಿಂದ ಒತ್ತಿ ಒತ್ತಿ ಹೊಲಿಯುತ್ತಿದ್ದರು. ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಮಾತಾಡುವುದು ಅವರ ಅಭ್ಯಾಸ. ಮೊದಲ ತಿಂಗಳು ನನಗೆ ಅರ್ಧ ಮಾತು ತಿಳಿಯುತ್ತಿರಲಿಲ್ಲ. ಅವರ ಒಂದು ಹೆಬ್ಬೆರಳಿಗೆ ಉಗುರು ಇರಲಿಲ್ಲ. ಎಡಗೈಯದೋ ಬಲಗೈಯದೋ... ಈಗ ಕಣ್ಣು ಮುಚ್ಚಿ ನೋಡಿದರೆ ಎರಡೂ ಕೈಯಲ್ಲಿ ಉಗುರಿಲ್ಲದ ಹೆಬ್ಬೆರಳು ಕಾಣುತ್ತದೆ.

ಹೊಲಿದದ್ದನ್ನು ಪರೀಕ್ಷಿಸುವ ಕ್ರಮ ಅವರಲ್ಲಿತ್ತು. ಹಿತ್ತಿಲಿನಲ್ಲಿ ನಾಲ್ಕು ಗೂಟಕ್ಕೆ ತಾಡಪತ್ರಿಯ ನಾಲ್ಕು ಮೂಲೆ ಕಟ್ಟಿ, ನಡುವೆ ಜೋತುಬಿದ್ದ ಹೊಟ್ಟೆಗೆ ನೀರು ಸುರಿದು ಬಿಡುತ್ತಿದ್ದರು. ಮರುದಿನ ಕೆಳಗೆ ತೂರಿ, ಮಲಗಿ, ಹೊಲಿಗೆಗಳನ್ನು ಕೈಯಿಂದ ಸವರಿ ನೋಡುತ್ತಿದ್ದರು. ಬೆರಳು ಒದ್ದೆಯಾದರೆ ಆ ಹೊಲಿಗೆ ಬಿಚ್ಚಿ ಮತ್ತೆ ಮೊದಲಿನಿಂದ. ನಾನು ಪ್ರಯೋಗಾಲಯದಿಂದ ಬಂದವನಾದ್ದರಿಂದ ಇದು ನನಗೆ ಬಹಳ ಹಿಡಿಸಿತ್ತು. ಅವರಿಗೂ ನನಗೂ ಸ್ನೇಹವಾದದ್ದು ಹಾಗೆ ಎಂದುಕೊಂಡಿದ್ದೇನೆ.

ಒಮ್ಮೆ ಯಾರೋ ದೊಡ್ಡ ತಾಡಪತ್ರಿಯೊಂದನ್ನು ಹೊಲಿಯಲು ಕೊಟ್ಟು ಹೋದವರು ತಿರುಗಿ ಬರಲೇ ಇಲ್ಲ. ಚಾಚಾ ಅದನ್ನು ಮಾರಲಿಲ್ಲ. ಮಡಿಚಿಟ್ಟರೆ ಇಲಿ ಕಡಿಯುತ್ತದೆಂದು ಹಿತ್ತಿಲಿನಲ್ಲಿ ಅಗಲವಾದ ಗುಂಡಿ ತೋಡಿ, ಅದಕ್ಕೆ ಹಾಸಿ, ನೀರು ತುಂಬಿಸಿದರು. ಅವರ ಹೆಂಡತಿ ಚಾಚಿ ಎಲ್ಲಿಂದಲೋ ಒಂದು ನೈದಿಲೆ ತಂದು ಬಿಟ್ಟರು. ಎರಡು ತಿಂಗಳಲ್ಲಿ ಅದು ಕೊಳವೇ ಆಯಿತು. ಆಗ ಹಿಂದಿನ ಗದ್ದೆಬಯಲಿನಿಂದ ಶಿಳ್ಳೆ ಬಾತುಗಳು ಇಳಿಯತೊಡಗಿದವು. ಚಾಚಾ ಕಂಗಾಲಾದರು.

"ಇದು ಅಮಾನತ್ ರೀ ಮಾಸ್ತರ್ರ," ಎಂದರು. "ಇನ್ನೊಬ್ಬರದು, ನಮ್ಮ ಕೈಯಾಗ ಇರೋದು. ಮಾಲಕ ನಾಳೆ ಬಂದು ಕೇಳಿದ್ರ ನೀರು ಚೆಲ್ಲಿ ಕೊಟ್ಟೇನು. ಬಾತಿನ ಉಗುರಿನ ತೂತು ಹೆಂಗ ಕೊಡ್ಲಿ?"

ಅವರು ಮಾಡಿದ ಉಪಾಯ ಸರಳವಾಗಿತ್ತು. ಹೊಲಿಯುವ ಹತ್ತಿದಾರಕ್ಕೆ ಮೇಣ ತಿಕ್ಕಿ, ನೀರಿನಿಂದ ಒಂದು ಮೊಳ ಮೇಲೆ, ಚೌಕಳಿಯಂತೆ ಎಳೆದು ಕಟ್ಟಿದರು. ಬಾತು ಓರೆಯಾಗಿ ಬಂದು ನೀರಿನ ಮೇಲೆ ಒಂದಿಷ್ಟು ಜಾರಿ ಕೂರುವ ಹಕ್ಕಿ. ಆ ಜಾರುವ ಜಾಗವನ್ನು ದಾರ ತುಂಡು ಮಾಡುತ್ತದೆ. ಇಷ್ಟು ನನಗೂ ಅರ್ಥವಾಯಿತು. ಆದರೆ ದಾರದ ಉದ್ದಕ್ಕೂ ಮೊಳಕ್ಕೊಂದರಂತೆ ಕೆಂಪು ಬಟ್ಟೆಯ ಚೂರು ಕಟ್ಟಿದ್ದರು. ಯಾಕೆಂದು ಕೇಳಿದೆ.

"ಲಾರಿ ಹಿಂದ ತೊಲೆ ಹೊರಗ ಚಾಚಿದ್ರ ಏನ್ ಕಟ್ತಾರ್ರಿ?"

"ಕೆಂಪು ಬಟ್ಟೆ."

"ಹಿಂದ ಬರೋನ್ನ ಹಿಡಿಯಾಕ ಕಟ್ತಾರೇನು? ಅವನ ಕಣ್ಣು ಉಳೀಲಿ ಅಂತ. ಹಕ್ಕಿನೂ ಡ್ರೈವರ್ ಇದ್ದಂಗ ರೀ. ಬ್ರೇಕ್ ಹಾಕಾಕ ಅದಕ್ಕೂ ಜಾಗಾ ಬೇಕು."

ನಾನು ನಕ್ಕೆ. ನಕ್ಕದ್ದು ಚೆನ್ನಾಗಿ ನೆನಪಿದೆ. ಕೆಲವು ವಾರ ಬಾತು ಬರಲಿಲ್ಲ. ಆಮೇಲೆ ಒಂದೆರಡು ಬಾತು ದಡದಲ್ಲಿಳಿದು, ದಾರದ ಕೆಳಗೆ ತಲೆ ತಗ್ಗಿಸಿ ನಡೆದು ನೀರಿಗೆ ಹೋಗುವುದನ್ನು ಕಲಿತವು. ನಾನು ಚಾಚಾರಿಗೆ ಉಪನ್ಯಾಸ ಕೊಟ್ಟೆ. ಕಂಡ ಅಡ್ಡಿಗೆ ಪ್ರಾಣಿ ಹೊಂದಿಕೊಳ್ಳುತ್ತದೆ, ಕಾಣದ ಅಡ್ಡಿಗೆ ಹೊಂದಿಕೊಳ್ಳಲಾರದು, ಆದ್ದರಿಂದ ಕೆಂಪು ಬಟ್ಟೆ ತೆಗೆದು ತಂಗೂಸಿ ಕಟ್ಟಬೇಕು ಎಂದೆ. ಅವರು ಹಲ್ಲಿನ ದಾರ ತೆಗೆದು ನನ್ನನ್ನು ನೋಡಿದರು.

"ನೀವು ಭಾಳ ಓದೀರಿ, ಖರೆ. ಬಾತೂ ಅದೇ ಪುಸ್ತಕ ಓದೇತೇನು?" ಎಂದರು. ಆಮೇಲೆ, "ನೋಡೋಣು, ತಡೀರಿ," ಎಂದರು.

ಒಪ್ಪಿದರು ಎಂದೇ ನನ್ನ ನೆನಪು. ನಾವಿಬ್ಬರೂ ಸೇರಿ ತಂಗೂಸಿ ಕಟ್ಟಿದೆವು ಎಂದು. ಅಂಕೋಲೆಯಿಂದ ಬರುತ್ತಿದ್ದ ಒಬ್ಬರ ಹತ್ತಿರ ಅದನ್ನು ತರಿಸಿದ್ದೆ. ಮರುದಿನವೋ ಅದರ ಮರುದಿನವೋ, ಬೆಳಿಗ್ಗೆ, ಹಿತ್ತಿಲಿನಲ್ಲಿ ನೀರು ಬಡಿಯುವ ಸದ್ದು. ಒಂದು ಬಾತು ಎಳೆಯಲ್ಲಿ ಸಿಕ್ಕಿಬಿದ್ದಿತ್ತು. ಬಡಿದಷ್ಟೂ ತಂಗೂಸಿ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಚಾಚಾ ಲುಂಗಿ ಎತ್ತಿ ಕಟ್ಟಿ ನೀರಿಗಿಳಿದು, ಹೆಗಲ ಮೇಲಿನ ಟವೆಲ್ ಅದರ ಮೇಲೆ ಹೊದಿಸಿ ಎತ್ತಿಕೊಂಡು ಬಂದರು. ಆಗ ಹೆರಿಗೆಗೆಂದು ತವರಿಗೆ ಬಂದಿದ್ದ ಅವರ ಮಗಳು ಹಿಂದಿನ ಜಗುಲಿಯ ಕಂಬ ಹಿಡಿದು ನಿಂತಿದ್ದಳು. ಅವಳ ಮುಖವನ್ನು ನಾನು ಸರಿಯಾಗಿ ನೋಡಿದವನೇ ಅಲ್ಲ. ಹಸಿರು ಓಢಣಿಯೊಂದು ನೆನಪಿದೆ. ಬಾತು ಕಚ್ಚಲಿಲ್ಲ, ಕೂಗಲಿಲ್ಲ. ಟವೆಲಿನೊಳಗಿಂದ ಒಂದು ಕಣ್ಣು ಮಾತ್ರ...

ಅದನ್ನು ಒಂದು ಬುಟ್ಟಿಯಲ್ಲಿಟ್ಟರು. ಎರಡು ದಿನ ಚಾಚಾ ಅರಿಸಿನ ಹಚ್ಚಿದರು. ಆ ಎರಡು ದಿನ ನನಗೆ ಊಟ ಸೇರಲಿಲ್ಲ. ಮೂರನೆಯ ದಿನ ಊರ ಅಂಚಿನ ಕೆರೆಗೆ ಒಯ್ದು ಬಿಟ್ಟೆವು. ಬುಟ್ಟಿಯ ಮುಚ್ಚಳ ತೆಗೆದದ್ದು, ಅದು ಒಂದು ಕ್ಷಣ ಸುಮ್ಮನೆ ಕೂತದ್ದು, ಆಮೇಲೆ ನೀರಿನ ಮೇಲೆ ತೀರ ತಗ್ಗಿನಲ್ಲಿ, ಕಾಲುಗಳನ್ನು ಹಿಂದಕ್ಕೆ ಇಳಿಬಿಟ್ಟು ಹಾರಿಹೋದದ್ದು, ಶಿಳ್ಳೆ ದೂರವಾದದ್ದು. ಇಷ್ಟು ಸ್ಪಷ್ಟವಾದ ದೃಶ್ಯ ನನ್ನ ಬಳಿ ಬಹಳ ಇಲ್ಲ. ಆ ದಿನವೇ ಇರಬೇಕು, ಚಾಚಾ ಮಾಳಿಗೆಯ ಮೆಟ್ಟಿಲಿನ ಬುಡದಲ್ಲಿ ನಿಂತು ಮೇಲೆ ನೋಡಿ ಹೇಳಿದ ಮಾತೂ ನೆನಪಿದೆ. "ಹಾರಿ ಹೋತು ಮಾಸ್ತರ್ರ. ಈಗಾರ ಊಟ ಮಾಡ್ರಿ."

ಆಮೇಲೆ ಅವರು ಕೆಂಪು ಬಟ್ಟೆಯ ದಾರವನ್ನೇ ಮತ್ತೆ ಕಟ್ಟಿದರು. ನನಗೆ ಒಂದು ಮಾತೂ ಅನ್ನಲಿಲ್ಲ. ಎರಡು ತಿಂಗಳಲ್ಲಿ ಬೇರೆ ಊರಿನಲ್ಲಿ ಖಾಯಂ ಕೆಲಸ ಸಿಕ್ಕಿ ನಾನು ಹೊರಟೆ. ಬರುತ್ತಿರುತ್ತೇನೆ ಎಂದಿದ್ದೆ. ಹೋಗಲಿಲ್ಲ. ಚಾಚಾ ತೀರಿಕೊಂಡ ಸುದ್ದಿಯನ್ನು ಎಷ್ಟೋ ವರ್ಷಗಳ ನಂತರ ಬಸ್ಸಿನಲ್ಲಿ ಯಾರೋ ಹೇಳಿದರು. ಆ ಬಾತು ಹಾರಿದ ದೃಶ್ಯವನ್ನು ಮಾತ್ರ ನಾನು ಇಡೀ ವೃತ್ತಿಯುದ್ದಕ್ಕೂ ಕ್ಲಾಸಿನಲ್ಲಿ ಹೇಳಿದೆ. ಶಿಳ್ಳೆ ಬಾತು ಹಾರುವಾಗ ಕಾಲು ಹೇಗಿರುತ್ತದೆ ಎಂಬುದಕ್ಕೆ. ಕೇಳಿದ್ದನ್ನು ನಂಬಬೇಡಿ, ಕಂಡದ್ದನ್ನು ಬರೆಯಿರಿ ಎಂಬುದಕ್ಕೆ.

ಇಷ್ಟೆಲ್ಲ ಶಿರಸಿಯ ಆ ಹೊಸ್ತಿಲಿನಲ್ಲಿ ನಿಂತ ಅರೆಕ್ಷಣದಲ್ಲಿ ಬಂದು ಹೋಯಿತು. ಒಳಗೆ ಐವತ್ತೈದು ದಾಟಿದ ಹೆಂಗಸೊಬ್ಬರು ಚಾಪೆಯ ಮೇಲೆ ಕೂತು, ಕನ್ನಡಕ ಮೂಗಿನ ತುದಿಗಿಳಿಸಿ, ಹಳೆಯ ಕ್ಯಾನ್ವಾಸ್ ಒಂದಕ್ಕೆ ತೇಪೆ ಹಾಕುತ್ತಿದ್ದರು. ಗೋಡೆಯ ತುಂಬ ಹಗ್ಗ, ಬಲೆ, ನೀಲಿ ಹಾಳೆಯ ಸುರುಳಿಗಳು.

"ಬರ್ರಿ, ಏನ್ ಬೇಕಿತ್ತು?"

"ತಂಗೂಸಿ. ಸಣ್ಣದು."

"ತಂಗೂಸಿ ಇಲ್ಲಿ ಸಿಗೂದಿಲ್ಲ. ಬಸ್ ಸ್ಟ್ಯಾಂಡ್ ಕಡೆ ಕೇಳಿ."

"ಬಲೆ ಉಂಟು, ಹಗ್ಗ ಉಂಟು, ತಂಗೂಸಿ ಇಲ್ವಾ?"

"ಇಡೂದಿಲ್ಲ. ಅಬ್ಬಾ ಇದ್ದಾಗಿಂದ ಹಂಗೆ. ಅವರು ಇಲ್ಲಿ ಬಂದು ಕೂತ್ಮೇಲೆ ಇದ್ದಿದ್ದನ್ನೂ ಎತ್ತಿ ಹೊರಗೆ ಹಾಕಿಸಿದ್ರು." ಅವರು ಸೂಜಿ ಒತ್ತುತ್ತಲೇ ನಕ್ಕರು. "ನೀವು ಗಾಳಕ್ಕೆ ಕೇಳ್ತಿದ್ರೋ, ಹಕ್ಕಿಗೆ ಕೇಳ್ತಿದ್ರೋ?"

"ಬಾತಿಗೆ," ಎಂದೆ. "ಹೊಸ ಹೊಂಡ ಮಾಡಿದ್ದೇನೆ."

ಅವರ ಕೈ ನಿಂತಿತು. "ಹಂಗಾರೆ ಖಂಡಿತ ಬ್ಯಾಡ. ಒಂದು ಕತೆ ಹೇಳ್ತೆ ಕೇಳಿ. ನಮ್ಮದು ಮೊದ್ಲು ಯಲ್ಲಾಪುರ. ಮಾಳಿಗೆ ಮೇಲೆ ಒಬ್ಬ ಮಾಸ್ತರ ಇದ್ದ, ಎಮ್ಮೆಸ್ಸಿ. ಒಳ್ಳೆ ಹುಡುಗ, ಆದ್ರೆ ಎಲ್ಲದಕ್ಕೂ ಪಾಠ. ಮಳೆ ಬಂದ್ರೆ ಮಳೆಗೂ ಪಾಠ ಮಾಡಂವ. ಅಬ್ಬಾ ಕೊಳಕ್ಕೆ ಕೆಂಪು ಬಟ್ಟೆ ದಾರ ಕಟ್ಟಿದ್ರು. ಅವರು ಹುಬ್ಬಳ್ಳಿಗೆ ಮಾಲು ತರಾಕೆ ಹೋದ ದಿನ ಇಂವ ಅದನ್ನೆಲ್ಲ ಬಿಚ್ಚಿ ತಂಗೂಸಿ ಕಟ್ಟಿಬಿಟ್ಟ. ತಡೀರಿ ಅಂತ ಅಬ್ಬಾ ಹೇಳಿ ಹೋಗಿದ್ರು. ತಡದ್ರಲ್ವಾ!"

ಆ ಮುಖದಲ್ಲಿ ಹಸಿರು ಓಢಣಿಯನ್ನು ಹುಡುಕಿದೆ. ಸಿಗಲಿಲ್ಲ. ಮಾತನಾಡಿ ತಡೆಯಬಹುದಿತ್ತು. ಆದರೆ ನನಗೆ ಕೇಳಬೇಕಾಗಿತ್ತು.

"ಹಕ್ಕಿ ಸಿಕ್ಕಿಬಿತ್ತಾ?"

"ಸಿಕ್ಕಿತ್ತು. ಎಳೆ ಮಾಂಸದ ಒಳಗೆ ಹೋಗಿತ್ತು, ಬಿಚ್ಚಾಕೆ ಬರಲಿಲ್ಲ. ಮೂರನೇ ದಿನ ಸತ್ತೋತು. ನಾನು ಆಗ ಬಸುರಿ, ನಿದ್ದೆ ಇಲ್ಲ. ಬೆಳಗಾಗೂದ್ರೊಳಗೆ ಅಬ್ಬಾ ಪೇರಲ ಗಿಡದ ಬುಡ ಅಗೀತಿದ್ರು. ನಾನು ನೋಡಿದ್ದು ಅವರಿಗೆ ಗೊತ್ತಾತು. ಮಾಸ್ತರ್ರಿಗೆ ಹೇಳಬ್ಯಾಡ, ಆ ಹುಡುಗ ಎರಡು ದಿನದಿಂದ ಉಂಡಿಲ್ಲ ಅಂದ್ರು. ಮಾಸ್ತರ ಅವತ್ತು ಧಾರವಾಡಕ್ಕೆ ಯಾವುದೋ ಇಂಟರ್ವ್ಯೂಗೆ ಹೋಗಿದ್ದ. ಸಂಜೆ ಬಂದ. ಹಾರಿಹೋತು ಅಂತ ಹೇಳಿದ್ರು. ಅದೊಂದೇ ಸುಳ್ಳು ನೋಡಿ ಅಬ್ಬಾ ನನ್ನ ಎದುರು ಹೇಳಿದ್ದು."

"ಕೆರೆಗೆ ಒಯ್ದು ಬಿಟ್ಟರು, ಅಲ್ವಾ?" ಎಂದೆ. "ಬುಟ್ಟಿಯಲ್ಲಿ. ನೀರಿನ ಮೇಲೆ ಹಾರಿತು. ಕಾಲು ಹಿಂದೆ ಬಿಟ್ಟುಕೊಂಡು."

ಅವರು ಕನ್ನಡಕ ತೆಗೆದರು. ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಾಯಿಗೆ ಸೆರಗು ಹಿಡಿದರು.

"ಯಾ ಅಲ್ಲಾ... ಮಾಸ್ತರ್ರಾ?"

ನಾನು ತಲೆಯಾಡಿಸಿದೆ.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ನಾನೊಬ್ಳು ಹುಚ್ಚಿ. ಅಲ್ಲ, ನೀವು ಹೇಳಿದ್ದೇ ಸರಿ ಇರ್ಬೇಕು. ನಂಗೆ ಎಲ್ಲಿ ನೆನಪು, ಹೆರಿಗೆ ಮುಂದೆ ಮಂಡೆ ಸರಿ ಇರ್ತದ್ಯಾ? ಗಿಡದ ಬುಡ ಅಗೆದಿದ್ದು ಗೊಬ್ಬರಕ್ಕೆ ಇರ್ಬೇಕು. ಹಾರಿ ಹೋಗಿರ್ಬೇಕು, ಬಿಡಿ."

ಅವರು ಇಷ್ಟು ಬೇಗ ಹಿಂತೆಗೆದುಕೊಂಡದ್ದನ್ನು ನೋಡಿ ನನಗೆ ನಿಜ ಗೊತ್ತಾಯಿತು ಎನ್ನಬೇಕು. ಆದರೆ ಗೊತ್ತಾಯಿತು ಎಂಬ ಪದವನ್ನು ಬಳಸಲು ನನಗೆ ಈಗ ಧೈರ್ಯವಿಲ್ಲ. ಅವರದೂ ಮೂವತ್ತೈದು ವರ್ಷದ ಹಿಂದಿನ ನೆನಪೇ. ಅವರೂ ಈ ಕತೆಯನ್ನು ಎಷ್ಟು ಗಿರಾಕಿಗಳಿಗೆ ಹೇಳಿ ಹೇಳಿ ತಿದ್ದಿರಬಹುದು. ಹಾಗೆ ವಾದ ಹೂಡಿಕೊಳ್ಳುತ್ತಿರುವಾಗಲೇ ಮಾಳಿಗೆಯ ಮೆಟ್ಟಿಲು ಕಣ್ಣಿಗೆ ಬಂತು. ಹಾರಿ ಹೋತು ಮಾಸ್ತರ್ರ. ಕೆರೆಯ ದಡದಲ್ಲಿ ನಾನೂ ನಿಂತು ನೋಡಿದ್ದರೆ ಚಾಚಾ ನನಗೆ ಅದನ್ನು ಬಂದು ಹೇಳಿದ್ದೇಕೆ? ಕಂಡವನಿಗೆ ಯಾರೂ ಸುದ್ದಿ ಹೇಳುವುದಿಲ್ಲ. ನನ್ನ ಎರಡು ನೆನಪುಗಳು ಇಷ್ಟು ವರ್ಷ ಅಕ್ಕಪಕ್ಕ ಕೂತಿದ್ದವು, ಒಂದನ್ನೊಂದು ಸುಳ್ಳು ಮಾಡುತ್ತ. ಹೊಲಿಗೆಯನ್ನು ಕೆಳಗಿನಿಂದ ಸವರಿ ನೋಡುವುದನ್ನು ಪಕ್ಕದಲ್ಲಿಯೇ ನಿಂತು ಮೆಚ್ಚಿದ ನಾನು ನನ್ನ ಹೊಲಿಗೆಗೆ ಒಮ್ಮೆಯೂ ಕೈಯಿಟ್ಟಿರಲಿಲ್ಲ.

ಆಮೇಲೆ ಎದೆಗೆ ಬಡಿದದ್ದು ಬೇರೆ. ಹಾರಿಹೋಯಿತು ಎಂಬ ನಂಬಿಕೆಯ ಮೇಲೆಯೇ ನಾನು ನನ್ನ ಹೊಂಡಕ್ಕೆ ತಂಗೂಸಿ ಕಟ್ಟಿದ್ದೆ. ಗೋಡೆಯ ಗಡಿಯಾರ ನಾಲ್ಕೂಮುಕ್ಕಾಲು ತೋರಿಸುತ್ತಿತ್ತು. ಬಾತು ಬರುವುದು ಹೊತ್ತು ಮುಳುಗುವಾಗ.

ನಾನು ಹೊರಟದ್ದನ್ನು ನೋಡಿ ಅವರು ಒಳಗಿನಿಂದ ಮೇಣ ತಿಕ್ಕಿದ ದಾರದ ಒಂದು ಉಂಡೆ ತಂದು ಕೈಗೆ ತುರುಕಿದರು. "ಒಂದು ಮೊಳ ಮೇಲೆ ಕಟ್ಟಿ. ಕೆಂಪು ಬಟ್ಟೆ ಮರೀಬ್ಯಾಡಿ," ಎಂದರು.

ಕಾರಿನಲ್ಲಿ ಕೂತು ಹೆಂಡತಿಗೆ ಫೋನ್ ಮಾಡಿದೆ. ಕತ್ತರಿ ತಗೊಂಡು ಹಿತ್ತಿಲಿಗೆ ಹೋಗು, ಹೊಂಡದ ಮೇಲಿನ ಎಳೆಗಳನ್ನೆಲ್ಲ ಈಗಲೇ ಕತ್ತರಿಸು ಎಂದೆ.

"ಆನು ಬಿಳಗಿಲಿದ್ದಿ. ತಂಗಿ ಮನೆಗೆ ಹೋಗ್ತೆ ಹೇಳಿ ಬೆಳಿಗ್ಗೆ ಹೇಳಿದ್ನಲಿ, ನೀವೇ ಹೂಂ ಅಂದಿದ್ರಿ. ಮರ್ತೇ ಹೋತಾ?"

ಮರೆತೇ ಹೋಗಿತ್ತು. ಅವಳು ಹೇಳಿದ್ದೂ, ನಾನು ಹೂಂ ಅಂದದ್ದೂ. ಬೆಳಗಿನದ್ದೇ ಉಳಿಯದವನಿಗೆ... ಅಷ್ಟರಲ್ಲಿ ಫೋನಿನ ಸಿಗ್ನಲ್ ಹೋಯಿತು.

ಕಾನಸೂರಿನ ತನಕ ನನ್ನ ಮುಂದೆ ಒಂದು ಲಾರಿ. ಹೊರಗೆ ಚಾಚಿದ ಬಿದಿರಿನ ತುದಿಗೆ ಕೆಂಪು ಬಟ್ಟೆ ಕಟ್ಟಿದ್ದರು. ತಿರುವುಗಳಲ್ಲಿ ಹಿಂದಿಕ್ಕಲು ಜಾಗವಿಲ್ಲ. ಆ ಬಟ್ಟೆಯ ಚೂರು ನನ್ನ ಕಣ್ಣೆದುರು ಅಷ್ಟು ದೂರವೂ ಅಲ್ಲಾಡುತ್ತ ಹೋಯಿತು. ಬಿಸಿಲು ಮರಗಳ ಸೊಂಟಕ್ಕೆ ಇಳಿದಿತ್ತು. ನಾನು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದೆ, ನಿನ್ನೆ ಬಾತು ಎಷ್ಟು ಹೊತ್ತಿಗೆ ಬಂದಿತ್ತು, ಮೊನ್ನೆ ಎಷ್ಟು ಹೊತ್ತಿಗೆ. ಆರೂವರೆಯೋ, ಆರೂಕಾಲೋ. ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಹಿತ್ತಿಲಿಗೆ ಹೋಗಿದ್ದೆನೋ ಇಲ್ಲವೋ. ಹೋಗಿದ್ದರೆ ಎಳೆಗಳನ್ನು ನೋಡಿದ್ದೆನೋ ಇಲ್ಲವೋ. ಹಲ್ಲುಜ್ಜುತ್ತ ಹೊಂಡದ ಕಡೆ ನೋಡುತ್ತ ನಿಂತ ಚಿತ್ರವೊಂದು ಬರುತ್ತಿತ್ತು. ಅದು ಇವತ್ತಿನದೋ ನಿನ್ನೆಯದೋ.

ಮನೆ ಮುಟ್ಟಿದಾಗ ಆಕಾಶದಲ್ಲಿ ಬೆಳಕಿತ್ತು, ನೆಲದಲ್ಲಿ ಇರಲಿಲ್ಲ. ಚಪ್ಪಲಿ ಕಳಚದೆ ಹಿತ್ತಿಲಿಗೆ ಓಡಿದೆ. ನೀರು ಸುಮ್ಮನಿತ್ತು. ಮೆಣಸಿನ ಬಳ್ಳಿ ಸವರುವ ಕತ್ತರಿ ಹಿಡಿದು ದಡದಿಂದ ಎಟಕುವ ಎಳೆಗಳನ್ನು ಕತ್ತರಿಸಿದೆ, ಉಳಿದವಕ್ಕೆ ನೀರಿಗಿಳಿದೆ. ಕಾಣದ ಎಳೆಯನ್ನು ಕೈಯಿಂದ ತಡಕಿ ಹುಡುಕಬೇಕು. ಕಟ್ಟಿದ ನನಗೇ ಎಲ್ಲಿ ಕಟ್ಟಿದ್ದೇನೆಂದು ತಿಳಿಯುತ್ತಿರಲಿಲ್ಲ. ಒಂದು ನನ್ನ ಕುತ್ತಿಗೆಗೇ ಸಿಕ್ಕಿತು. ಇನ್ನೊಂದು ಬೆರಳನ್ನು ಕೊಯ್ದಿತು. ಅಷ್ಟರಲ್ಲಿ ಗದ್ದೆಯ ಕಡೆಯಿಂದ ಶಿಳ್ಳೆ ಕೇಳಿಸಿತು.

ಕೊನೆಯ ಎಳೆ ನಡುವಿನದು. ಉಳಿದವು ಬಿಗಿಯಾಗಿದ್ದವು, ಇದು ಸಡಿಲವಾಗಿ ನೀರಿಗೆ ತಾಗುತ್ತಿತ್ತು. ಎಳೆದಾಗ ಬೆರಳಿಗೆ ಏನೋ ಮೆತ್ತಗೆ ಸಿಕ್ಕಿತು. ಕಣ್ಣಿನ ಹತ್ತಿರ ಹಿಡಿದು ನೋಡಿದೆ. ಕಂದು ಬಣ್ಣದ ಒಂದು ಗರಿ. ಸ್ವಲ್ಪ ದೊಡ್ಡದೇ. ಎಳೆ ಅದಕ್ಕೆ ಎರಡು ಸುತ್ತು ಸುತ್ತಿಕೊಂಡಿತ್ತು.

ಯಾವಾಗಿನದು? ಗಾಳಿಗೆ ಬಂದು ಸಿಕ್ಕಿದ್ದೋ? ನಿನ್ನೆ ನಾನು ಒಳಗೆ ಹೋದ ಮೇಲೆ ಒಂದು ಇಳಿದಿತ್ತೋ? ಟಾರ್ಚ್ ತಂದು ದಡ ಪೂರ್ತಿ ಹುಡುಕಿದೆ. ಕೆಸುವಿನ ಎಲೆಗಳ ಅಡಿ, ಬೇಲಿಯ ಬುಡ, ಕಾಲುವೆ. ಏನೂ ಸಿಗಲಿಲ್ಲ. ಸಿಗದೆ ಇರುವುದು ಯಾವುದಕ್ಕೂ ಸಾಕ್ಷಿಯಲ್ಲ ಎಂದು ನಾನೇ ಕ್ಲಾಸಿನಲ್ಲಿ ಹೇಳಿದವನು.

ಬಾತುಗಳು ಬಂದವು. ಎಳೆಯಿಲ್ಲದ ನೀರಿನ ಮೇಲೆ ಒಂದೊಂದಾಗಿ ಜಾರಿ ಇಳಿದವು. ನಾನು ಓಡಿಸಲಿಲ್ಲ. ಒದ್ದೆ ಬಟ್ಟೆಯಲ್ಲಿ ದಡದಲ್ಲಿ ಕೂತು ಎಣಿಸಿದೆ. ಹತ್ತೊಂಬತ್ತು. ಮತ್ತೊಮ್ಮೆ ಎಣಿಸಿದೆ. ಹತ್ತೊಂಬತ್ತು. ಮೊದಲು ಇಪ್ಪತ್ತು ಇದ್ದವೇ? ಇಪ್ಪತ್ತು ಎಂದು ಹೆಂಡತಿಗೆ ಹೇಳಿದ್ದೆ, ಎದುರು ಮನೆಯವರಿಗೆ ಹೇಳಿದ್ದೆ, ಸಿಕ್ಕವರಿಗೆಲ್ಲ ಹೇಳಿದ್ದೆ. ಎಣಿಸಿರಲಿಲ್ಲ.

ಮರುದಿನ ಬಿಳಗಿಯಿಂದ ಬಂದ ಹೆಂಡತಿಯ ಹಳೆಯ ಕೆಂಪು ಸೀರೆಯೊಂದನ್ನು ಕೇಳಿ ಚೂರು ಮಾಡಿದೆ. ಮೇಣದ ದಾರವನ್ನು ನೀರಿನಿಂದ ಒಂದು ಮೊಳ ಮೇಲೆ ಕಟ್ಟಿ, ಮೊಳಕ್ಕೊಂದು ಕೆಂಪು ಚೂರು ಬಿಗಿದೆ. ಉಂಡೆಯ ತುಂಬ ಆ ವಾಸನೆಯಿತ್ತು, ಈಗಲೂ ನನ್ನ ಬೆರಳಿನಲ್ಲಿದೆ. ಬಾತುಗಳು ದೂರದಿಂದಲೇ ಬಟ್ಟೆ ಕಂಡು ಓರೆಯಾಗಿ ತಿರುಗಿ ಗದ್ದೆಯ ಕಡೆ ಹೋಗುತ್ತವೆ. ಒಂದೆರಡು ಮಾತ್ರ ದಡದಲ್ಲಿಳಿದು, ತಲೆ ತಗ್ಗಿಸಿ, ದಾರದ ಕೆಳಗೆ ನಡೆದು ಬರುತ್ತವೆ. ಅವಕ್ಕೆ ನಾನು ಏನೂ ಮಾಡುವುದಿಲ್ಲ.

ಪ್ರತಿ ಸಂಜೆ ಅವು ತಿರುಗುವಾಗ ಎಣಿಸುತ್ತೇನೆ. ಒಮ್ಮೆ ಹದಿನೆಂಟು, ಒಮ್ಮೆ ಇಪ್ಪತ್ತೊಂದು, ಒಮ್ಮೆ ಮತ್ತೆ ಹತ್ತೊಂಬತ್ತು. ಆ ಗರಿಯನ್ನು ಮೇಜಿನ ಮೇಲೆ ಒಂದು ಲೋಟದಲ್ಲಿ ನಿಲ್ಲಿಸಿದ್ದೇನೆ. ತಟ್ಟೆ ಇಟ್ಟು ಹೆಂಡತಿ ಎರಡು ಸಲ ಕರೆಯುತ್ತಾಳೆ. ಹಾರಿ ಹೋಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ. ಅದು ನನ್ನ ಬಾಯಲ್ಲಿ ನಿಲ್ಲುವುದಿಲ್ಲ. ಮೆಟ್ಟಿಲಿನ ಬುಡದಲ್ಲಿ ನಿಂತು, ಬೆಳಿಗ್ಗೆ ಮಣ್ಣು ಅಗೆದ ಕೈಯನ್ನು ಲುಂಗಿಗೆ ಒರೆಸಿಕೊಂಡು, ನಾನು ನಂಬುವ ಹಾಗೆ ಅದನ್ನು ಹೇಳಬಲ್ಲವರು ಒಬ್ಬರೇ ಇದ್ದರು.